ಮೇಲೆ ಎಂದರೆ ಎಷ್ಟು ಮೇಲೆ?

ಬೆಳಕು ಹರಿಯುವ ಹೊತ್ತಿಗೆ ಈ ಮಹಿಳೆ ಕ್ರೇನ್ ಹತ್ತಿ ಕೂತಾಗಿದೆ. ಕೆಳಗೆ ಸರಕಿನ ಅಂಗಳದಲ್ಲಿ ಲಾರಿಗಳ ಸಾಲು. ಕಿವಿಯ ವೈರ್‌ಲೆಸ್‌ನಲ್ಲಿ ಮೇಸ್ತ್ರಿಯ ದನಿ ಗೊರಗುಟ್ಟುತ್ತದೆ: "ಓವರ್ ದ ಲಾರಿ." ಕಬ್ಬಿಣದ ಪೈಪುಗಳ ಕಟ್ಟು ಲಾರಿಯ ನೆತ್ತಿಗೆ ಬಂದು ಗಾಳಿಯಲ್ಲೇ ನಿಲ್ಲುತ್ತದೆ. ಲಾರಿಯೊಳಗೆ ಮರದ ತುಂಡು ಜೋಡಿಸುತ್ತಿದ್ದವನು ಇಳಿದು ದೂರ ಸರಿದ ಮೇಲೆ ಇನ್ನೊಂದು ಅಪ್ಪಣೆ: "ಆನ್ ದ ಲಾರಿ." ಕಟ್ಟು ಮೆಲ್ಲಗೆ ಕೂರುತ್ತದೆ.

ಅಂಗಳದವರಿಗೆಲ್ಲ ಇವರು ಕ್ರೇನಕ್ಕ. ಮೊದಲು ಇದೇ ಅಂಗಳ ಗುಡಿಸುತ್ತಿದ್ದವರು. ಪೊರಕೆ ಬಿಟ್ಟು ಕ್ರೇನ್ ಹತ್ತಿದಾಗ ಮೂಗು ಮುರಿದವರಿಗೆ ಲೆಕ್ಕವಿಲ್ಲ. ಯಂತ್ರ ಬೇಗ ಒಲಿಯಿತು. ಆದರೆ ಹತ್ತಾರು ಭಾಷೆಯ ಆಳುಗಳು ದುಡಿಯುವ ಜಾಗ, ಅಪ್ಪಣೆಯೆಲ್ಲ ಇಂಗ್ಲಿಷಿನಲ್ಲಿ. ಅದು ಮಾತ್ರ ಸತಾಯಿಸಿತು.

"ನಮ್ಮಲ್ಲಿ ಟೋಪಿನೂ ತಲೆ ಮೇಲೆ, ಫ್ಯಾನೂ ತಲೆ ಮೇಲೆ. ಅವರಿಗೆ ಟೋಪಿ ಆನ್, ಫ್ಯಾನ್ ಓವರ್. ಮುಟ್ಟಿದ್ರೆ ಒಂದು, ಮುಟ್ಟದಿದ್ರೆ ಇನ್ನೊಂದು. ನನಗೆ ಎರಡೂ ಬರೀ ಮೇಲೆ," ಎನ್ನುತ್ತಾರೆ.

ಎರಡು ವರ್ಷದ ಹಿಂದೆ ಮೇಸ್ತ್ರಿ 'ಓವರ್' ಎಂದಾಗ ಇವರು ಕಟ್ಟನ್ನು ಇಳಿಸಿಯೇಬಿಟ್ಟರು. ಲಾರಿಯೊಳಗಿದ್ದವನು ಇವರ ಕಟ್ಟುಗಳಿಗೆ ಹಗ್ಗ ಬಿಗಿಯುತ್ತಿದ್ದ ಒಡಹುಟ್ಟಿದ ತಮ್ಮ. ಹೊರಗೆ ಹಾರಿ ಜೀವ ಉಳಿಸಿಕೊಂಡ, ಕಾಲು ಮುರಿಯಿತು. ವಾಸಿಯಾದ ಮೇಲೆ ಗೇಟು ಕಾಯುವ ಕೆಲಸ ಕೇಳಿ ಪಡೆದ. ಅಕ್ಕ ತಂದ ಬುತ್ತಿ ಉಣ್ಣುತ್ತಾನೆ, ನಗುತ್ತಾನೆ. ಕ್ರೇನಿನತ್ತ ಮಾತ್ರ ತಲೆ ಹಾಕುವುದಿಲ್ಲ. ಅಕ್ಕನಿಗೆ ಅದೇ ಕೊರಗು.

ಅಂದಿನಿಂದ ಅಡುಗೆಮನೆಯೇ ಪಾಠಶಾಲೆ. ಮಗಳು ಮೇಸ್ತ್ರಿ, ಅಮ್ಮನ ಕೈಯ ಲೋಟವೇ ಪೈಪಿನ ಕಟ್ಟು. ಲೋಟ ತಟ್ಟೆಗೆ ತಾಗದಿದ್ದರೆ ಓವರ್, ತಾಗಿದರೆ ಆನ್. ಮೇಜಿನ ಕೆಳಗಾದರೆ ಅಂಡರ್, ಡಬ್ಬಿಯ ಪಕ್ಕವಾದರೆ ಬಿಸೈಡ್.

"ಇಡೋದಾದ್ರೆ ಇಡಮ್ಮ, ಚಹಾ ಆರ್ತಾ ಇದೆ," ಎಂದು ಅತ್ತೆ ಗೊಣಗುತ್ತಾರೆ.

ಈಗ ದಿನಕ್ಕೆ ಎಪ್ಪತ್ತರ ಆಸುಪಾಸು ಕಟ್ಟುಗಳು ಇವರ ಕೈಯಿಂದ ಲಾರಿ ಸೇರುತ್ತವೆ. ಮಾತು ಸರಿಯಾಗಿ ಕೇಳಿಸದಿದ್ದರೆ ಕಟ್ಟನ್ನು ಅಲ್ಲೇ ತಡೆದು ಮತ್ತೆ ಕೇಳುತ್ತಾರೆ. ಮೇಸ್ತ್ರಿಗೆ ಸಿಟ್ಟು ಬರುತ್ತದೆ.

"ಬರ್ಲಿ ಬಿಡಿ. ಅವತ್ತು ಕೇಳೋಕೆ ನಾಚ್ಕೊಂಡೆ, ಅದಕ್ಕೇ ತಮ್ಮನ ಕಾಲು ಮುರೀತು."

ಮಧ್ಯಾಹ್ನ ಕ್ರೇನಿನಿಂದ ಇಳಿದು, ಬುತ್ತಿ ಹಿಡಿದು ಗೇಟಿನ ಕಡೆ ನಡೆಯುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಗೇಟಿನತ್ತ ಕೈ ತೋರಿಸುತ್ತಾರೆ.

"ತಮ್ಮ ಮತ್ತೆ ನನ್ನ ಕಟ್ಟಿಗೆ ಹಗ್ಗ ಬಿಗಿಯೋಕೆ ಬರ್ಲಿ ಅಂತ. ಅಂಡರ್ ಬಾ ಅನ್ನಲ್ಲ. ಬಿಸೈಡ್ ನಿಂತ್ರೆ ಸಾಕು."