ಅವರೆ ಬೀಜ ತಲೆ ಎತ್ತಿದ್ದು

ನಮ್ಮ ಶಾಲೆಯ ಆರು ಕಂಪ್ಯೂಟರುಗಳನ್ನು ಬೇರೆ ಕಡೆಗೆ ಸಾಗಿಸುತ್ತೇವೆಂದು ಅಧಿಕಾರಿ ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು. ಎರಡು ಸಾವಿರದ ಐದಾರರ ಮಾತು. ಮಹದೇವಪುರದ ಕಡೆಯ ಸರ್ಕಾರಿ ಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ.

“ಪಾಠದ ವಿಡಿಯೋನೇ ಓಡಲ್ಲ, ಇವನ್ನಿಟ್ಕೊಂಡು ಏನ್ ಮಾಡ್ತೀರಿ ಮೇಡಂ?”

ತಪ್ಪು ಯಂತ್ರಗಳದ್ದಲ್ಲ. ಯಾರೋ ದಾನ ಕೊಟ್ಟ ಅವುಗಳಲ್ಲಿದ್ದುದೆಲ್ಲ ಬಿಟ್ಟಿ ತಂತ್ರಾಂಶ. ಅಂಗಡಿಯಲ್ಲಿ ಸಿಗುವ ಪಾಠದ ಸಿ.ಡಿ. ಅವುಗಳಲ್ಲಿ ಓಡಬೇಕಾದರೆ ಯಾವುದೋ ಕಂಪನಿಯ ಪರವಾನಗಿ ಬೇಕಿತ್ತು.

“ಹದಿನೈದು ದಿನ ಕೊಡಿ ಸಾರ್, ಇವುಗಳಲ್ಲೇ ಓಡಿಸಿ ತೋರಿಸ್ತೀನಿ” ಎಂದುಬಿಟ್ಟೆ. ಹೇಗೆಂದು ನನಗೇ ಗೊತ್ತಿರಲಿಲ್ಲ, ಆದರೆ ಬಾಯಿ ಸುಮ್ಮನಿರಬೇಕಲ್ಲ!

ಕಮ್ಮನಹಳ್ಳಿಯ ಸೈಬರ್ ಕೆಫೆಯಲ್ಲಿ ಕೂತು ಹುಡುಕಿದೆ. ಫೋಟೋಗಳನ್ನು ಸಾಲಾಗಿ ಪೋಣಿಸಿ ‘ಓಗ್’ ಎಂಬ ಬಗೆಯ ವಿಡಿಯೋ ಮಾಡುವ ತಂತ್ರಾಂಶ ಸಿಕ್ಕಿತು. ಅದಕ್ಕೆ ಯಾರ ಅಪ್ಪಣೆಯೂ ಬೇಡ, ರಾಯಧನವೂ ಇಲ್ಲ. ನಮ್ಮ ಯಂತ್ರಗಳಲ್ಲಿ ಸಲೀಸಾಗಿ ಓಡುತ್ತದೆ.

ಮನೆಯಲ್ಲಿ ಗಾಜಿನ ಬಾಟಲಿಗೆ ಮಣ್ಣು ತುಂಬಿ, ಅಂಚಿನಲ್ಲಿ ಕಾಣುವಂತೆ ಅವರೆ ಬೀಜ ಊರಿದೆ. ತಂಗಿಯ ಡಿಜಿಟಲ್ ಕ್ಯಾಮೆರಾವನ್ನು ಎದುರಿನ ಸ್ಟೂಲಿಗೆ ಕಟ್ಟಿದೆ. ನಾನು ಶಾಲೆಯಲ್ಲಿರುವಾಗ ಗಂಟೆಗೊಮ್ಮೆ ಗುಂಡಿ ಒತ್ತುವ ಕೆಲಸ ಅತ್ತೆಯದು. ಟೆಕ್ ಪಾರ್ಕುಗಳು ಏಳುವ ಮೊದಲು ಅದೇ ನೆಲದಲ್ಲಿ ಅವರೆ ಬೆಳೆದವರು. “ಬೀಜ ಏನು ಮದುಮಗಳಾ, ಇಷ್ಟೊಂದು ಫೋಟೋ?” ಎಂದು ಗೊಣಗಿದರೂ ಒಂದು ಗಂಟೆಯನ್ನೂ ತಪ್ಪಿಸಲಿಲ್ಲ.

ಗಡುವಿಗೆ ಎರಡೇ ದಿನ ಉಳಿದಾಗ, ಅತ್ತೆಯನ್ನೂ ಶಾಲೆಯ ಕಂಪ್ಯೂಟರ್ ಲ್ಯಾಬಿಗೆ ಕರೆದೊಯ್ದು ವಿಡಿಯೋ ಹಚ್ಚಿದೆ. ಓಡಿತು! ನಾನು ಕುಣಿಯುವುದೊಂದು ಬಾಕಿ. ಅತ್ತೆ ಮಾತ್ರ ಹುಬ್ಬು ಗಂಟಿಕ್ಕಿದರು.

“ಅಲ್ಲಮ್ಮಾ, ಎಲೆ ಬಿಟ್ಟಿದ್ದು ತಿರುಗಾ ಬೀಜ ಆಗುತ್ತಾ? ಯಾವ ಸೀಮೆ ಅವರೆ ಇದು?”

ನಿಜ. ಚಿತ್ರಗಳಿಗೆ ನಾನು ಬರೀ 1, 2, 3 ಎಂದು ಹೆಸರಿಟ್ಟಿದ್ದೆ. ಯಂತ್ರ ಅವನ್ನು ಸಂಖ್ಯೆಯೆಂದು ತಿಳಿಯದೆ, ಮೊದಲ ಅಂಕಿಯಿಂದಲೇ ಸಾಲು ಹಚ್ಚಿ, 1ರ ಬೆನ್ನಿಗೇ 10ನ್ನೂ 100ನ್ನೂ ಎಳೆತಂದಿತ್ತು. ನನ್ನ ತಲೆಗೆ ನಾನೇ ಮೊಟಕಿಕೊಂಡು, ಮೊದಲಿಗೆ ಸೊನ್ನೆ ಸೇರಿಸಿ 001, 002 ಎಂದು ಎಲ್ಲವನ್ನೂ ಮೂರಂಕಿ ಮಾಡಿದೆ.

ಸೋಮವಾರ ಅಧಿಕಾರಿ ಬಂದರು. ಬೀಜ ಬಿರಿಯಿತು, ಬೇರು ಇಳಿಯಿತು, ಬಾಗಿದ ಕತ್ತು ನೆಟ್ಟಗಾಗಿ ಎರಡು ಎಲೆ ಬಿಚ್ಚಿಕೊಂಡವು. “ಇನ್ನೊಂದ್ ಸಲ ಮಿಸ್!” ಎಂದು ಮಕ್ಕಳು ಕಿರುಚಿದರು. ಅಧಿಕಾರಿ ಮೂರು ಸಲ ನೋಡಿದರು.

“ಇದನ್ನ ಬೇರೆ ಶಾಲೆಗೂ ಕೊಡಬಹುದಾ ಮೇಡಂ? ಯಾರನ್ನಾದ್ರೂ ಕೇಳ್ಬೇಕಾ?”

“ಯಾರನ್ನೂ ಕೇಳೋದ್ ಬೇಡ ಸಾರ್.”

“ನನ್ನನ್ನ ಕೇಳ್ಬೇಕು!” ಹಿಂದಿನ ಬೆಂಚಿನಿಂದ ಅತ್ತೆಯ ದನಿ. “ಫೋಟೋ ತೆಗೆದೋಳು ನಾನು.”

ಅಧಿಕಾರಿ ನಗುತ್ತಾ ಕೈಮುಗಿದರು. “ಕೊಡ್ತೀರಾ ಅಮ್ಮಾ?”

“ತಗೊಂಡೋಗಪ್ಪಾ. ಕಂಪ್ಯೂಟರ್ ಮಾತ್ರ ಇಲ್ಲೇ ಇರ್ಲಿ.”

ಅವರು ನಮ್ಮ ವಿಡಿಯೋ ತುಂಬಿಕೊಟ್ಟ ಸಿ.ಡಿ.ಯನ್ನಷ್ಟೇ ತೆಗೆದುಕೊಂಡು ಹೋದರು.