ತೊಲೆ ಬಲ್ಲ ಮೇಸ್ತ್ರಿ

ನಮ್ಮ ಮಹಡಿಗೆ ನೆಲ ಹಾಸಿದ ಮೇಸ್ತ್ರಿಯ ಬಾಯಿ ನಂಬಿದರೆ ಸ್ವರ್ಗದ ನೆಲವನ್ನೂ ಅವನೇ ಹಾಸಿರಬೇಕು. ತೊಲೆಗಳ ಮೇಲೆ ಕೂರಿಸುವ ಪ್ಲೈವುಡ್ ಹಲಗೆಗಳನ್ನು ಮಳೆಯಲ್ಲಿ ನೆನೆಯಲು ಬಿಟ್ಟು, ‘ಮರ ಅಲ್ವಾ ಸಾರ್, ನೀರು ಕುಡಿದೇ ಬೆಳೆದಿದ್ದು’ ಎನ್ನುತ್ತಾನೆ. ಹಲಗೆ ಉಬ್ಬೀತು, ನಡುವೆ ಸಂದು ಬಿಡು ಎಂದರೆ, ‘ಸಂದು ಬಿಟ್ರೆ ಜಿರಳೆ ಸಂಸಾರ ಹೂಡುತ್ತೆ’ ಎಂದು ನಗುತ್ತಾನೆ. ಅಂಟು ಕೇಳಿದರೆ ಮೊಳೆ ತೋರಿಸುತ್ತಾನೆ, ಮೊಳೆ ಕೇಳಿದರೆ ಮಾತು ಕೊಡುತ್ತಾನೆ. ಎಲ್ಲದರ ಮೇಲೂ ಚೆಂದದ ಹಾಸು ಎಳೆದು, ‘ಇನ್ನು ಆನೆ ಕುಣಿಸಿ’ ಎಂದು ಹೋದವನನ್ನು, ನೆಲ ಅಲೆಯಾಗಿ ಎದ್ದು ಕಿರುಗುಟ್ಟತೊಡಗಿದ ಮೇಲೆ ಕರೆಸಿದೆ. ‘ನೆಲಕ್ಕೂ ವಯಸ್ಸಾಗುತ್ತೆ ಸಾರ್’ ಎಂದ. ಅಷ್ಟರಲ್ಲಿ ಅಮ್ಮ ಕೋಲೂರಿಕೊಂಡು ಕೋಣೆಯಿಂದ ಹೊರಬಂದಳು. ಅವನು ಓಡಿಹೋಗಿ, ಮಗನಾದ ನನಗಿಂತ ಮೃದುವಾಗಿ ಅವಳ ಕೈ ಹಿಡಿದ. ‘ನಡುವೆ ಬೇಡಮ್ಮ, ಕುಸಿಯುತ್ತೆ. ಇಲ್ಲಿ ಕಾಲಿಡಿ, ಕೆಳಗೆ ತೊಲೆ ಇದೆ’ ಎಂದು ಹೆಜ್ಜೆ ಹೆಜ್ಜೆಗೂ ಜಾಗ ತೋರಿಸುತ್ತ ನಡೆಸಿದ. ನನ್ನ ಮೈ ಉರಿದುಹೋಯಿತು. ‘ಗೊತ್ತಿದ್ದೂ ಹೀಗೆ ಹಾಸಿದೆಯಲ್ಲೋ! ಕೀಳು, ಅಷ್ಟನ್ನೂ ಕೀಳು!’ ಎಂದು ಕೂಗಿದೆ. ಅವನು ತಲೆ ತಗ್ಗಿಸಿದ. ಅಮ್ಮನ ಕೈ ಮಾತ್ರ ಬಿಡಲಿಲ್ಲ.