ಖರ್ಜೂರದ ಗಿಡಕ್ಕೆ ವರ ತಂದವರು

"ಮಾಲಿ ಕಾಕಾ ತೀರಿಕೊಂಡ್ರಂತ್ರಿ" ಎಂದು ಬಾಜೂ ಮನಿಯಾಕಿ ಹೇಳಿದಾಗ ನಾನು ಶೇಂಗಾ ಹುರಿಯುತ್ತಿದ್ದೆ. ಒಲೆ ಆರಿಸಿ ಕುಳಿತುಬಿಟ್ಟೆ.

ಗೋಕಾಕದಲ್ಲಿ ನಮ್ಮ ಮನೆಯ ಹಿಂದೆ, ಬ್ರಿಟಿಷರು ಪರದೇಶದ ಗಿಡ ತಂದು ಬೆಳೆಸಿದ ತೋಟವಿದೆ. ಕಾಕಾ ಅದರ ಮಾಲಿ. ಅಲ್ಲಿಯ ಗಂಡು ಖರ್ಜೂರದ ಗಿಡ ಗಾಳಿಗೆ ಬಿದ್ದ ಮೇಲೆ ಹೆಣ್ಣುಗಿಡ ಬರೇ ಹೂ ಬಿಡುತ್ತಿತ್ತು, ಕಾಯಿ ಕಟ್ಟುತ್ತಿರಲಿಲ್ಲ. ಬಂಜೆಗಿಡವೆಂದು ಕಡಿಯಲು ಮೇಲಿನ ಸಾಹೇಬರಿಂದ ಹುಕುಂ ಬಂತು.

"ಬಂಜಿ ಅನಬ್ಯಾಡ್ರಿ, ಜೋಡಿ ಇಲ್ಲಷ್ಟ." ಯಾರು ಕೇಳಿದರೂ ಕಾಕಾನದು ಇದೊಂದೇ ಮಾತು. ಒಂದು ಮುಂಜಾನೆ ಯಮಕನಮರಡಿಯಿಂದ ಗಂಡುಗಿಡದ ಹೂಗೊಂಚಲನ್ನು ಬಿಳಿ ವಸ್ತ್ರದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು.

"ವರ ಬಂದಾನ್ರಿ ಅವ್ವಾರ, ಆರತಿ ಇಲ್ಲೇನು?" ಎಂದು ನಕ್ಕರು.

ನಾನು ಖರೇನೇ ಆರತಿ ಎತ್ತಿದೆ. ಕಾಕಾ ಬಿಸ್ಮಿಲ್ಲಾ ಅಂದು ಏಣಿ ಹತ್ತಿ, ಗಂಡುಹೂವಿನ ಹಿಟ್ಟಿನಂಥ ಪುಡಿಯನ್ನು ಹೆಣ್ಣುಹೂವಿನ ಮೇಲೆ ಮೆಲ್ಲಗೆ ಕೊಡವಿದರು.

ಕಡಿಯುವವನು ಬರುವಷ್ಟರಲ್ಲಿ ಗೊಂಚಲ ತುಂಬ ಹಸಿರು ಕಾಯಿ! ಅವನು ಕೊಡಲಿ ಕೆಳಗಿಟ್ಟ. "ಬಸರ ಗಿಡಕ್ಕ ಕೊಡ್ಲಿ ಹಚ್ಚೂದಿಲ್ರಿ. ನಾನೂ ಮಕ್ಕಳ ತಂದಿ ಅದೀನಿ" ಎಂದು ಕೈಮುಗಿದು ಹೋದ. ಕಾಕಾ ಬೊಡ್ಡೆಯನ್ನು ಅಂಗೈಯಿಂದ ಸವರಿದರು. ಶಿವಾ, ಇದನ್ನು ಈ ಕಣ್ಣಿಂದ ನೋಡಾಕ ಕೊಟ್ಟೆಯಲ್ಲ, ಅಂದೆ.

ಗಿಡ ಇಂದೂ ನಿಂತಿದೆ.

ನಳದಲ್ಲಿ ನೀರು ಬಂದ ಸಪ್ಪಳ ಕೇಳಿತು. ಎದ್ದು ಕೊಡ ಹಿಡಿದೆ.